ಜಾರ್ಜ್ ಜೋನ್ಸ್‌ನ ಒಂದು 45: ನಂಬರ್ ಒನ್ ಒಂದೇ ವಾರ, ಸವೆದದ್ದು ಒಂದೇ ಬದಿ

ಮೊದಲು ವಸ್ತುವಿನ ವಿಚಾರ ಹೇಳಿಬಿಡುತ್ತೇನೆ. ಏಳು ಇಂಚಿನ ರೆಕಾರ್ಡು. ನಿಮಿಷಕ್ಕೆ 45 ಸುತ್ತು. ಎಪಿಕ್ ಕಂಪನಿಯದು, 1980ರದ್ದು. ನಡುವೆ ದೊಡ್ಡ ತೂತು. ಮುಂದಿನ ಬದಿಯಲ್ಲಿ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಸಂಗೀತ) ಹಾಡುಗಾರ ಜಾರ್ಜ್ ಜೋನ್ಸ್ ಹಾಡಿದ 'ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ', ಹಿಂದಿನ ಬದಿಯಲ್ಲಿ 'ಎ ಹಾರ್ಡ್ ಆ್ಯಕ್ಟ್ ಟು ಫಾಲೋ'. ನಾನು ಕೊಟ್ಟದ್ದು 6 ಡಾಲರ್. ಹಳೇ ರೆಕಾರ್ಡು ಮಾರುವ ಅಂಗಡಿಯಲ್ಲಿ ಸಿಕ್ಕಿತು. ಕವರ್ ಇರಲಿಲ್ಲ, ಒಂದು ಬಿಳಿ ಕಾಗದದ ಚೀಲಕ್ಕೆ ಹಾಕಿ ಕೊಟ್ಟರು.

ಲೇಬಲ್ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ಕೆ-4 ಅಂತ ಬರೆದಿದ್ದಾರೆ. ಜ್ಯೂಕ್‌ಬಾಕ್ಸಿನ ಗುಂಡಿ ನಂಬರ್ ಇರಬೇಕು ಅಂದರು ಅಂಗಡಿಯವರು. ಅಂದರೆ ಯಾವುದೋ ಬಾರಿನಲ್ಲೋ ಹೋಟೆಲಿನಲ್ಲೋ ಜನ ಕಾಸು ಹಾಕಿ, ಕೆ ಒತ್ತಿ, 4 ಒತ್ತಿ ಇದನ್ನ ಕೇಳಿದ್ದಾರೆ. ಎಷ್ಟು ಸಲ ಅಂತ ಗೊತ್ತಾಗಬೇಕಾದರೆ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಮುಂದಿನ ಬದಿ ಬೂದಿ ಬಣ್ಣಕ್ಕೆ ತಿರುಗಿದೆ, ತಿಕ್ಕಿ ತಿಕ್ಕಿ ಸವೆದ ಕಾವಲಿ ಥರ. ತಿರುಗಿಸಿದರೆ ಹಿಂದಿನ ಬದಿ ಕನ್ನಡಿ. ನನ್ನ ಮೂಗು ಕಾಣುತ್ತೆ.

ಇದು ನಾನು ಕೊಂಡ ಎರಡನೇ ಪ್ರತಿ. ಮೊದಲನೆಯದನ್ನ ಆನ್‌ಲೈನಿನಲ್ಲಿ ತರಿಸಿದ್ದೆ. 'ತುಂಬ ಚೆನ್ನಾಗಿದೆ' ಅಂತ ಬರೆದಿದ್ದರು. ಬಂದದ್ದು ಬಿಸಿಲಿಗೆ ಒಣಗಿಸಿದ ಹಪ್ಪಳದ ಹಾಗೆ ಸೊಟ್ಟಗೆ. ಪ್ಲೇಯರಿನ ಮೇಲಿಟ್ಟರೆ ಮುಳ್ಳು ಏರಿ ಇಳಿದು ದೋಣಿ ಸವಾರಿ ಮಾಡುತ್ತಿತ್ತು. ವಾಪಸ್ ತಗೊಳ್ಳಿ ಅಂದರೆ, ಕಳಿಸುವಾಗ ಸರಿಯಾಗೇ ಇತ್ತು ಅಂದರು. ದುಡ್ಡು ಬರಲಿಲ್ಲ. ಅದು ಈಗ ನಮ್ಮ ಮನೆಯಲ್ಲಿ ಹೂಕುಂಡದ ಕೆಳಗಿದೆ.

ನಾನು ತಿಪಟೂರಿನವಳು. ಈಗ ಇರುವುದು ಅಮೆರಿಕದ ಟೆನ್ನೆಸ್ಸಿಯಲ್ಲಿ, ಮರ್ಫ್ರೀಸ್‌ಬರೋ ಅನ್ನುವ ಊರು. ಕೆಲಸ ನ್ಯಾಶ್‌ವಿಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ, ರಾತ್ರಿ ಪಾಳಿ. ಐ-24 ರಸ್ತೆಯಲ್ಲಿ ಹೋಗಬೇಕು, ಬರಬೇಕು. ನ್ಯಾಶ್‌ವಿಲ್ಲಿನಲ್ಲಿದ್ದುಕೊಂಡು ಕಂಟ್ರಿ ಹಾಡು ಕೇಳಲ್ಲ ಅನ್ನುವುದು ಧಾರವಾಡದಲ್ಲಿದ್ದು ಪೇಡೆ ತಿನ್ನಲ್ಲ ಅಂದ ಹಾಗೆ. ಆದರೂ ನಾನು ಏಳು ವರ್ಷ ಹಾಗೇ ಇದ್ದೆ. ಟೋಪಿ, ಬೂಟು, ಪಿಕಪ್ ಟ್ರಕ್ಕು, ಬಿಯರು. ಅಷ್ಟೇ ಅಂದುಕೊಂಡಿದ್ದೆ.

ಒಂದು ಬೆಳಗಿನ ಜಾವ ಫೋನಿನ ಚಾರ್ಜ್ ಮುಗಿದಿತ್ತು. ಕಾರಿನ ರೇಡಿಯೋ ಹಾಕಿದೆ. ಡಬ್ಲ್ಯುಎಸ್ಎಂ, 650 ಎಎಂ. ಇದು ಸಾಮಾನ್ಯ ಸ್ಟೇಷನ್ ಅಲ್ಲ, 1925ರಿಂದ ಗ್ರ್ಯಾಂಡ್ ಓಲ್ ಆಪ್ರಿ ಅನ್ನುವ ಕಂಟ್ರಿ ಹಾಡಿನ ಕಾರ್ಯಕ್ರಮವನ್ನ ಬಿತ್ತರಿಸುತ್ತಿರುವ ಜಾಗ. ಆವತ್ತು ಅಲ್ಲಿ ಈ ಹಾಡು ಬಂತು. ಕೊನೆಗೆ ನಾನು ಅತ್ತೆ ಅಂತ ಬರೆದರೆ ಚೆನ್ನಾಗಿರುತ್ತೆ. ಆದರೆ ಅಳಲಿಲ್ಲ, ನಕ್ಕುಬಿಟ್ಟೆ.

ಯಾಕೆ ನಕ್ಕೆ ಅಂದರೆ, ಈ ಹಾಡಿನ ಹೆಸರೇ ಒಂದು ಮೋಸ. 'ಅವನು ಇವತ್ತು ಅವಳನ್ನ ಪ್ರೀತಿಸುವುದು ನಿಲ್ಲಿಸಿದ.' ಕೇಳಿದ ತಕ್ಷಣ ಏನನ್ನಿಸುತ್ತೆ? ಸದ್ಯ, ಬುದ್ಧಿ ಬಂತು ಅನ್ನಿಸುತ್ತೆ. ಸಾಯುವ ತನಕ ನಿನ್ನನ್ನೇ ಪ್ರೀತಿಸುತ್ತೇನೆ ಅಂತ ಅವನು ಅಂದಿದ್ದ. ಕಾಲ ಕಳೆದರೆ ಮರೀತೀಯ ಅಂತ ಅವಳು ಅಂದಿದ್ದಳು. ಅವನು ಮರೆಯಲಿಲ್ಲ. ಗೋಡೆ ಮೇಲೆ ಅವಳ ಫೋಟೋ. ಹಾಸಿಗೆ ಪಕ್ಕ 1962ರ ಕಾಗದಗಳು, ಅದರಲ್ಲಿ ಪ್ರೀತಿಯ ಮಾತು ಬಂದ ಕಡೆಯೆಲ್ಲ ಕೆಂಪು ಗೆರೆ. ಈ ಕಥೆ ಹೇಳುತ್ತಿರುವ ಗೆಳೆಯ ಇವತ್ತು ಅವನನ್ನ ನೋಡಿ ಬಂದನಂತೆ. ಚೆನ್ನಾಗಿ ಬಟ್ಟೆ ಹಾಕಿಕೊಂಡು ಹೊರಟಿದ್ದಾನೆ. ಎಷ್ಟೋ ವರ್ಷದ ಮೇಲೆ ಮುಖದಲ್ಲಿ ನಗು. ಆಮೇಲೆ ಪಲ್ಲವಿ. ಬಾಗಿಲಿಗೆ ಹೂವಿನ ಹಾರ, ಹೊತ್ತುಕೊಂಡು ಹೋಗುವವರು. ಅಲ್ಲಿಗೆ ಗೊತ್ತಾಗುತ್ತೆ, ನಿಲ್ಲಿಸಿದ್ದು ಯಾಕೆ ಅಂತ. ಸತ್ತಿದ್ದಾನೆ.

ಕಟ್ಟೆ ಮೇಲೆ ಕೂತ ಯಾರೋ ಹಿರೀಕರು ಒಗಟು ಹಾಕಿ, ಕೊನೆಗೆ ತಾವೇ ಬಿಡಿಸಿ ತೋರಿಸಿದ ಹಾಗಿತ್ತು. ಅದಕ್ಕೇ ನಕ್ಕೆ.

ಮಾರನೇ ರಾತ್ರಿ ಲ್ಯಾಬಿನಲ್ಲಿ ಇದನ್ನ ಹೇಳಿದೆ. ನಮ್ಮಲ್ಲಿ ಟೆನ್ನೆಸ್ಸಿಯಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರಿದ್ದಾರೆ. ಬೈಯುತ್ತಾರೆ ಅಂದುಕೊಂಡೆ. ಅವರು ಕೈಗವಸು ತೆಗೆಯುತ್ತಾ, "ಹಾಡಿದವನಿಗೂ ಅದು ಸೇರಿರಲಿಲ್ಲಮ್ಮ" ಅಂತ ಅವರ ಭಾಷೆಯಲ್ಲಿ ಅಂದರು. ಅಲ್ಲಿಂದ ನನಗೆ ಈ ಹುಚ್ಚು ಹಿಡಿಯಿತು.

ಅವರು ಹೇಳಿದ್ದು ನಿಜ. ಜೋನ್ಸ್ 1996ರಲ್ಲಿ ಆತ್ಮಕಥೆ ಬರೆದ. ಈ ಹಾಡು ರೆಕಾರ್ಡಾಗಿ ಮುಗಿದಾಗ, ಇಂಥ ಸಾವಿನ ಹಾಡನ್ನ ಯಾರೂ ಕೊಳ್ಳುವುದಿಲ್ಲ ಅಂತ ಪ್ರೊಡ್ಯೂಸರ್ ಬಿಲ್ಲಿ ಶೆರಿಲ್‌ಗೆ ಹೇಳಿದ್ದನ್ನ ಅದರಲ್ಲಿ ಅವನೇ ಬರೆದುಕೊಂಡಿದ್ದಾನೆ. ಬಾಯಲ್ಲಿ ಒಂದು ಬೈಗುಳವೂ ಬಂದಿತ್ತು, ಅದನ್ನ ಇಲ್ಲಿ ಬರೆಯುವುದಿಲ್ಲ. (ಏಕವಚನ ಯಾಕೆ ಅಂತ ಕೇಳಬೇಡಿ. ಇಷ್ಟದ ಹಾಡುಗಾರರಿಗೆಲ್ಲ ನನ್ನದು ಏಕವಚನವೇ. ಅಣ್ಣಾವ್ರಿಗೆ ಮಾತ್ರ ಬಹುವಚನ.)

ಹಾಡು ಬರೆದವರು ಬಾಬಿ ಬ್ರಾಡಕ್ ಮತ್ತು ಕರ್ಲಿ ಪಟ್‌ಮನ್. ಇಬ್ಬರೂ ನ್ಯಾಶ್‌ವಿಲ್ಲಿನಲ್ಲಿ ಹಾಡು ಬರೆದೇ ಹೊಟ್ಟೆ ಹೊರೆದವರು. ಶೆರಿಲ್ ಸುಮ್ಮನೆ ತಗೊಳ್ಳಲಿಲ್ಲ. ಮತ್ತೆ ಬರೀರಿ, ಇನ್ನೊಂದು ಸಲ ಬರೀರಿ ಅಂತ ವಾಪಸ್ ಕಳಿಸುತ್ತಲೇ ಇದ್ದ. ತಿದ್ದಿದ ಪ್ರತಿಗಳದ್ದೇ ಒಂದು ಇಂಚು ದಪ್ಪದ ಪುಸ್ತಕ ಅವನ ಹತ್ತಿರ ಇತ್ತಂತೆ. ಸತ್ತವನನ್ನ ನೋಡುವುದಕ್ಕೆ ಅವಳು ಬರಬೇಕು ಅಂತ ಹಟ ಹಿಡಿದವನೂ ಅವನೇ. ಹಾಡಿನಲ್ಲಿ ಆ ಭಾಗ ಹಾಡಲ್ಲ, ಮಾತು. ಬರೀ ನಾಲ್ಕು ಸಾಲು. ರಾಗ ನಿಲ್ಲಿಸಿ ಜೋನ್ಸ್ ಮಾತಾಡುತ್ತಾನೆ. ಬರುತ್ತಾಳೋ ಇಲ್ಲವೋ ಅಂತ ಎಲ್ಲರಿಗೂ ಅನುಮಾನ ಇತ್ತು, ಬಂದಳು.

ಆ ನಾಲ್ಕು ಸಾಲಿನದ್ದೇ ದೊಡ್ಡ ಕಥೆ. ಜೋನ್ಸ್ ಆಗ ಕುಡಿತದಲ್ಲಿ ಮುಳುಗಿದ್ದ ಕಾಲ. ಕೊಕೇನ್ ಬೇರೆ. ಕಾರ್ಯಕ್ರಮಕ್ಕೆ ಟಿಕೆಟ್ ಮಾರಿ ಆದಮೇಲೆ ಬರುತ್ತಲೇ ಇರಲಿಲ್ಲ. 'ನೋ ಶೋ ಜೋನ್ಸ್' ಅಂತ ಅಡ್ಡಹೆಸರು ಬಿದ್ದಿತ್ತು. ಅದಕ್ಕೂ ಮುಂಚೆ, ಎರಡನೇ ಹೆಂಡತಿಯ ಜೊತೆ ಟೆಕ್ಸಾಸಿನಲ್ಲಿದ್ದಾಗ, ಕುಡಿಯೋಕೆ ಹೋಗದಿರಲಿ ಅಂತ ಅವಳು ಕಾರಿನ ಬೀಗದಕೈಗಳನ್ನೆಲ್ಲ ಬಚ್ಚಿಟ್ಟಿದ್ದಳು. ಇವನು ಹುಲ್ಲು ಕತ್ತರಿಸುವ ಯಂತ್ರ ಹತ್ತಿ ಎಂಟು ಮೈಲಿ ದೂರದ ಹೆಂಡದಂಗಡಿಗೆ ಹೊರಟ. ಇದನ್ನೂ ಅವನೇ ಪುಸ್ತಕದಲ್ಲಿ ಬರೆದಿದ್ದಾನೆ. ನಮ್ಮಲ್ಲಾದರೆ ಟಿಲ್ಲರ್ ಹತ್ತಿಕೊಂಡು ತುರುವೇಕೆರೆ ಕಡೆ ಹೊರಟ ಅಂತ ಕಲ್ಪಿಸಿಕೊಳ್ಳಿ.

ವಿಷಯ ಏನಪ್ಪಾ ಅಂದರೆ, ಕುಡಿದರೂ ಅವನು ಹಾಡಬಲ್ಲವನಾಗಿದ್ದ. ಮಾತು ಮಾತ್ರ ತೊದಲುತ್ತಿತ್ತು. ಹಾಗಾಗಿ ಹಾಡು ಸಿಕ್ಕಿತು, ಆ ನಾಲ್ಕು ಸಾಲು ಸಿಗಲಿಲ್ಲ. ಆ ನಾಲ್ಕು ಸಾಲು ಆಡುವಷ್ಟು ನೆಟ್ಟಗೆ ಅವನು ಶೆರಿಲ್ ಕೈಗೆ ಸಿಗುತ್ತಲೇ ಇರಲಿಲ್ಲ. ಮೂರು ನಿಮಿಷದ ಹಾಡಿಗೆ ಹದಿನೆಂಟು ತಿಂಗಳು ಹಿಡಿಯಿತು ಅಂತ ಜೋನ್ಸ್ ಬರೆದಿದ್ದಾನೆ. ರಾಗದ್ದೂ ತಂಟೆ. ಕ್ರಿಸ್ ಕ್ರಿಸ್ಟಾಫರ್ಸನ್ ಬರೆದ ಬೇರೊಂದು ಹೆಸರಾಂತ ಹಾಡಿನ ರಾಗವೇ ಅವನ ಬಾಯಿಗೆ ಬರುತ್ತಿತ್ತಂತೆ. ಅದು ಆ ಹಾಡು, ಇದು ಈ ಹಾಡು ಅಂತ ಶೆರಿಲ್ ತಲೆ ಚಚ್ಚಿಕೊಂಡಿರಬೇಕು.

ಇಷ್ಟೆಲ್ಲ ಗೊತ್ತಾದ ಮೇಲೆ ಆ ಮಾತಿನ ಭಾಗ ಬಂದಾಗೆಲ್ಲ ನನ್ನ ಕಿವಿ ನೆಟ್ಟಗಾಗುತ್ತೆ. ತೊದಲು ಇಲ್ಲ. ಒಂದೊಂದು ಪದವೂ ಬೇರೆ ಬೇರೆ. ಹೆಚ್ಚುಕಮ್ಮಿ ವರದಿ ಒಪ್ಪಿಸಿದ ಹಾಗೆ ಹೇಳುತ್ತಾನೆ. ದುಃಖ ತೋರಿಸುವುದಿಲ್ಲ. ನನಗೆ ಇಡೀ ಹಾಡಿನಲ್ಲಿ ಅತಿ ಹೆಚ್ಚು ಹಿಡಿಸಿದ್ದು ಅದೇ.

ಅಮ್ಮ ಆರು ತಿಂಗಳಿಗೆ ಅಂತ ಇಲ್ಲಿಗೆ ಬಂದಿದ್ದರು. ನಾನು ಯೂಟ್ಯೂಬಿನಲ್ಲಿ ಜೋನ್ಸ್‌ನ ಹಳೇ ವಿಡಿಯೋ ನೋಡುತ್ತಿದ್ದೆ. ಅಮ್ಮ ಅವರೆಕಾಯಿ ಬಿಡಿಸುತ್ತಾ (ಫ್ರೋಜನ್ ಅಲ್ಲ, ನಮ್ಮ ಹಿತ್ತಲಿನದು) ಎರಡು ನಿಮಿಷ ನೋಡಿದರು.

"ಇವನಿಗೆ ಹಲ್ಲುನೋವೇನೇ?"

"ಯಾಕಮ್ಮ?"

"ಬಾಯೇ ಬಿಡಲ್ವಲ್ಲೇ. ಹಲ್ಲು ಕಚ್ಕೊಂಡು ಹಾಡ್ತಾನೆ."

ಇದು ಅಮ್ಮ ಕಂಡುಹಿಡಿದದ್ದೇನೂ ಅಲ್ಲ, ಜೋನ್ಸ್ ಹಾಡುವ ರೀತಿ ಹಾಗೇ ಅಂತ ಕಂಟ್ರಿ ಕೇಳುವವರಿಗೆಲ್ಲ ಗೊತ್ತು. ದವಡೆ ಬಿಗಿ ಹಿಡಿದು, ಹಲ್ಲಿನ ಸಂದಿಯಿಂದ ದನಿ ಹಿಂಡಿ ತೆಗೆಯುತ್ತಾನೆ. ಒಂದೇ ಅಕ್ಷರವನ್ನ ಮೂರು ಕಡೆ ಬಗ್ಗಿಸುತ್ತಾನೆ. ಆದರೆ ಅಮ್ಮ ಹೇಳಿದ ಮೇಲೆ ನನಗೆ ಈ ಹಾಡು ಬೇರೆ ಥರ ಕೇಳಿಸಿತು. ಅಲ್ಲಿಯ ತನಕ ನಾನು ಇದನ್ನ ಅಳುವ ಹಾಡು ಅಂದುಕೊಂಡಿದ್ದೆ. ಅಲ್ಲ, ಇದು ಹಟದ ಹಾಡು. ನೀನು ಮರೀತೀಯ ಅಂತ ಅವಳು ಅಂದಳು ನೋಡಿ, ಅಲ್ಲಿ ಶುರು. ಮರೆಯಲ್ಲ ಅಂತ ಇವನು ಕಚ್ಚಿಕೊಂಡು ಕೂತ. ಹದಿನೆಂಟು ವರ್ಷ ಕೂತು, ಸತ್ತು ಗೆದ್ದ.

ಹೆಂಗಸಾಗಿ ನನಗೆ ಇದರಲ್ಲಿ ಒಂದು ತಕರಾರೂ ಇದೆ. ಬೇಡ ಅಂದವಳ ಫೋಟೋ ಗೋಡೆಗೆ ಹಾಕಿಕೊಂಡು, ಅವಳ ಕಾಗದಕ್ಕೆ ಕೆಂಪು ಗೆರೆ ಎಳೆದುಕೊಂಡು ಕೂತವನು ನಮ್ಮ ಪಕ್ಕದ ಮನೆಯಲ್ಲಿದ್ದರೆ ನಾನು ಬಾಗಿಲು ಭದ್ರ ಮಾಡಿಕೊಳ್ಳುತ್ತಿದ್ದೆ. ಅವಳಿಗೆ ಏನಾಗಿತ್ತು, ಯಾಕೆ ಬಿಟ್ಟುಹೋದಳು, ಹಾಡಿಗೆ ಬೇಕಿಲ್ಲ. ಜೋನ್ಸ್ ಬದಲು ಬೇರೆ ಯಾರಾದರೂ ಗೋಳಾಡಿಕೊಂಡು ಹಾಡಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಅವನು ಕರುಣೆ ಕೇಳುವುದಿಲ್ಲ. ಸತ್ತವನ ಗೆಳೆಯನಾಗಿ ನಿಂತು, ನೋಡಿ, ಹಿಂಗಾಯ್ತು ಅಂತ ಹೇಳುತ್ತಾನೆ. ಅದಕ್ಕೇ ಬಚಾವು.

1962 ಅನ್ನುವ ಇಸವಿಯ ಬಗ್ಗೆ ಒಂದು ಮಾತು. ಅದೇ 1962ರಲ್ಲಿ ಜೋನ್ಸ್‌ನ ಇನ್ನೊಂದು ಹಾಡು ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ನಂಬರ್ ಒನ್ ಆಗಿತ್ತು. ಅದರ ಹೆಸರು 'ಶೀ ಥಿಂಕ್ಸ್ ಐ ಸ್ಟಿಲ್ ಕೇರ್'. ನಾನಿನ್ನೂ ಅವಳಿಗಾಗಿ ಕೊರಗುತ್ತಿದ್ದೇನೆ ಅಂತ ಅವಳು ಅಂದುಕೊಂಡಿದ್ದಾಳೆ ಅಂತ. ಬರೆದವರು ಬೇಕಂತಲೇ ಆ ಇಸವಿ ಹಾಕಿದರು ಅಂತ ನಾನು ಹೇಳುತ್ತಿಲ್ಲ. ಆದರೆ 1980ರಲ್ಲಿ ಆ ಎರಡೂ ಹಾಡು ಕೇಳಿದವರಿಗೆ ಒಳಗೊಳಗೇ ಚುರುಕ್ ಅಂದಿರಬೇಕು ಅಲ್ವಾ?

ಆಗ ಎಲ್ಲರಿಗೂ ಗೊತ್ತಿದ್ದ ಇನ್ನೊಂದು ವಿಷಯ ಟ್ಯಾಮಿ ವೈನೆಟ್. ಅವಳೂ ದೊಡ್ಡ ಹಾಡುಗಾರ್ತಿ. ಜೋನ್ಸ್ ಅವಳನ್ನ 1969ರಲ್ಲಿ ಮದುವೆಯಾದ, 1975ರಲ್ಲಿ ಡೈವೋರ್ಸ್. ಡೈವೋರ್ಸ್ ಆದ ಮಾರನೇ ವರ್ಷ ಇಬ್ಬರೂ ಒಟ್ಟಿಗೆ ಮೈಕ್ ಮುಂದೆ ನಿಂತು ಒಂದು ಮದುವೆ ಉಂಗುರದ ಕಥೆ ಹಾಡಿದರು, 'ಗೋಲ್ಡನ್ ರಿಂಗ್' ಅಂತ. ಅದೂ ನಂಬರ್ ಒನ್. ಅದರಲ್ಲೂ ಬ್ರಾಡಕ್‌ನ ಕೈ ಇತ್ತು. 1968ರಲ್ಲಿ, ಮಗುವಿಗೆ ತಿಳಿಯದಿರಲಿ ಅಂತ ಡೈವೋರ್ಸ್ ಪದವನ್ನ ಒಂದೊಂದೇ ಅಕ್ಷರ ಬಿಡಿಸಿ ಹೇಳುವ ಹಾಡನ್ನ ವೈನೆಟ್ ಹಾಡಿದ್ದಳು. ಅದನ್ನ ಬರೆದವರು ಯಾರು ಗೊತ್ತಾ? ಇದೇ ಬ್ರಾಡಕ್ ಮತ್ತು ಪಟ್‌ಮನ್. ಹೆಂಡತಿಗೆ ಡೈವೋರ್ಸ್ ಹಾಡು ಕೊಟ್ಟ ಜೋಡಿಯೇ ಹನ್ನೆರಡು ವರ್ಷದ ಮೇಲೆ ಗಂಡನಿಗೆ ಸಾವಿನ ಹಾಡು ಕೊಟ್ಟಿತು. ಇಬ್ಬರಿಗೂ ಪ್ರೊಡ್ಯೂಸರ್ ಶೆರಿಲ್ಲೇ. ನ್ಯಾಶ್‌ವಿಲ್ ದೊಡ್ಡ ಊರು ಅಂತೀವಿ, ಆದರೆ ಒಳಗೆ ಒಂದು ಕೇರಿ ಅಷ್ಟೇ.

ಈಗ ಪಟ್ಟಿಯ ವಿಚಾರ. ಈ ರೆಕಾರ್ಡು 1980ರ ಏಪ್ರಿಲ್‌ನಲ್ಲಿ ಹೊರಬಂತು. ಜುಲೈ 5ರ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. ಐದು ವರ್ಷಕ್ಕೂ ಹೆಚ್ಚು ಕಾಲದಿಂದ ಜೋನ್ಸ್ ಒಬ್ಬನೇ ಹಾಡಿದ ಯಾವ ಹಾಡೂ ಅಲ್ಲಿಗೆ ಹೋಗಿರಲಿಲ್ಲ. ಅಲ್ಲಿ ಎಷ್ಟು ದಿನ ಇತ್ತು? ಒಂದೇ ವಾರ. ಅದರ ಹಿಂದಿನ ವಾರ ಓಕ್ ರಿಡ್ಜ್ ಬಾಯ್ಸ್ ತಂಡದ ಹಾಡು, ಮುಂದಿನ ವಾರ ಚಾರ್ಲಿ ಪ್ರೈಡ್, ಅದರಾಚೆ ವಾರ ಮಿಕಿ ಗಿಲ್ಲಿ. ಬಸ್ ಸ್ಟ್ಯಾಂಡಿನ ಬೆಂಚಿನ ಹಾಗೆ, ಒಬ್ಬ ಎದ್ದ, ಇನ್ನೊಬ್ಬ ಕೂತ.

ನೂರು ದಿನ, ಇಪ್ಪತ್ತೈದು ವಾರ ಅಂತ ಲೆಕ್ಕ ಹಾಕಿ ಬೆಳೆದವರು ನಾವು. ಥಿಯೇಟರಿನ ಮುಂದೆ ಹಾರ ಹಾಕಿದ ಕಟೌಟು ನೋಡಿದವರು. ಒಂದೇ ವಾರ ಅಂದರೆ ನಮ್ಮ ಲೆಕ್ಕದಲ್ಲಿ ಡಬ್ಬಾ. ನಮ್ಮ ಮನೆಯವರು ಅದನ್ನೇ ಅಂದರು, "ಒಂದು ವಾರಕ್ಕೆ ಇಷ್ಟು ಕಥೇನಾ?"

ಆಗಿನ ಲೆಕ್ಕ ಬೇರೆ. ರೇಡಿಯೋದವರು ಈ ವಾರ ಏನು ಹಾಕುತ್ತಿದ್ದೇವೆ ಅಂತ ಹೇಳಬೇಕು, ಅಂಗಡಿಯವರು ಏನು ಮಾರಾಟವಾಗುತ್ತಿದೆ ಅಂತ ಹೇಳಬೇಕು, ಅದನ್ನೆಲ್ಲ ಕೂಡಿಸಿ ಪಟ್ಟಿ. ಎಲ್ಲ ಬಾಯಿಮಾತಿನ ವರದಿ. ರೇಡಿಯೋದಲ್ಲಿ ನಿಜವಾಗಿ ಎಷ್ಟು ಸಲ ಬಂತು ಅಂತ ಯಂತ್ರ ಎಣಿಸುವ ಪದ್ಧತಿ ಕಂಟ್ರಿ ಪಟ್ಟಿಗೆ ಬಂದದ್ದು 1990ರಲ್ಲಿ. 2012ರ ಅಕ್ಟೋಬರಿನಿಂದ ಫೋನಿನಲ್ಲಿ ಕೇಳುವುದನ್ನೂ, ಕಂಟ್ರಿ ಅಲ್ಲದ ರೇಡಿಯೋಗಳನ್ನೂ ಸೇರಿಸಿದರು. ಅಲ್ಲಿಂದ ಹಾಡುಗಳು ಮೇಲೆ ಕೂತರೆ ಏಳುವುದೇ ಇಲ್ಲ. 2017ರಲ್ಲಿ ಸ್ಯಾಮ್ ಹಂಟ್‌ನ ಒಂದು ಹಾಡು 34 ವಾರ. ಆಮೇಲೆ ಬೀಬಿ ರೆಕ್ಸಾ ಮತ್ತು ಫ್ಲಾರಿಡಾ ಜಾರ್ಜಿಯಾ ಲೈನ್ ಸೇರಿ ಹಾಡಿದ್ದು 50 ವಾರ. ಐವತ್ತು ವಾರ! ಒಂದು ಮಗು ಹುಟ್ಟಿ ಅಂಬೆಗಾಲಿಡುವಷ್ಟು ಹೊತ್ತು. ಆ 50 ವಾರದ ಹಾಡನ್ನ ನಾನು ಕೇಳಿದ್ದೇನೆ, ಕೆಟ್ಟದೇನೂ ಅಲ್ಲ. ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ಹಿಂದೆ ಇದ್ದರೆ ತೊಂದರೆಯಿಲ್ಲ.

1980ರ ಆ ಬೇಸಿಗೆ ಇಂಥ ಹಾಡಿಗೆ ಒಳ್ಳೇ ಕಾಲವೂ ಆಗಿರಲಿಲ್ಲ. ಜೂನ್‌ನಲ್ಲಷ್ಟೇ ಟೆಕ್ಸಾಸಿನ ಒಂದು ಬಾರಿನ ಕಥೆಯ ಹಾಲಿವುಡ್ ಸಿನಿಮಾ ಬಂದಿತ್ತು. ಪೇಟೆಯವರೆಲ್ಲ ಕೌಬಾಯ್ ಟೋಪಿ ಹಾಕಿಕೊಂಡು ಕುಣಿಯೋಕೆ ಶುರು ಮಾಡಿದ್ದರು. ಅದರ ನಡುವೆ ಹೆಣ ಹೊರುವ ಹಾಡೊಂದು ಒಂದು ವಾರವಾದರೂ ಮೇಲೆ ಬಂದು ಕೂತದ್ದೇ ಆಶ್ಚರ್ಯ. ಆಮೇಲೆ ಬಂದದ್ದೆಲ್ಲ ಬಡ್ಡಿ. ಗ್ರ್ಯಾಮಿ ಬಂತು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನವರು ವರ್ಷದ ಹಾಡು ಅಂತ 1980ರಲ್ಲಿ ಕೊಟ್ಟರು, 1981ರಲ್ಲಿ ಇನ್ನೊಂದು ಸಲ ಅದಕ್ಕೇ ಕೊಟ್ಟರು. ಒಂದು ವಾರದ ಹಾಡು ಎರಡು ವರ್ಷದ ಹಾಡಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ದೇಶಕ್ಕಾಗಿ ಕಾಪಾಡಬೇಕಾದ ಧ್ವನಿಮುದ್ರಣಗಳ 2008ರ ಪಟ್ಟಿಗೆ ಇದನ್ನೂ ಸೇರಿಸಿದರು. ನಾಲ್ಕು ದಶಕದ ವೃತ್ತಿಯನ್ನ ಮೂರು ನಿಮಿಷದ ಹಾಡು ಉಳಿಸಿತು ಅಂತ ಜೋನ್ಸ್ ಬರೆದಿದ್ದಾನೆ. ವೃತ್ತಿ ಉಳಿಯಿತು, ಕುಡಿತ ನಿಲ್ಲಲಿಲ್ಲ. ಅದಕ್ಕೆ 1999ರ ಕಾರು ಅಪಘಾತ ಬೇಕಾಯಿತು.

ಇನ್ನು ಸಂಗೀತದ ಒಳ್ಳೇದು ಕೆಟ್ಟದು. ಮುನ್ನುಡಿ ಇಲ್ಲವೇ ಇಲ್ಲ ಅನ್ನಬಹುದು, ಬಾಗಿಲು ತಟ್ಟದೆ ಒಳಗೆ ಬಂದ ಹಾಗೆ ದನಿ ಶುರುವಾಗುತ್ತೆ. ಇದು ಒಳ್ಳೇದು. ಪಲ್ಲವಿಯನ್ನ ಅರ್ಧ ದಾರಿಯ ತನಕ ತಡೆದು ಹಿಡಿದಿದ್ದಾರೆ. ಇದು ಇನ್ನೂ ಒಳ್ಳೇದು. ಬೇಗ ಬಂದಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ಪೀಟ್ ಡ್ರೇಕ್‌ನ ಸ್ಟೀಲ್ ಗಿಟಾರು, ಚಾರ್ಲಿ ಮೆಕಾಯ್‌ನ ಮೌತ್ ಆರ್ಗನ್, ಎರಡೂ ಹದವಾಗಿ ಬಂದು ಹೋಗುತ್ತವೆ.

ಪಿಟೀಲುಗಳ ದಂಡು ಮಾತ್ರ ನನಗೆ ಜಾಸ್ತಿ ಅನಿಸುತ್ತೆ. ಶೆರಿಲ್‌ಗೆ ಅದೇ ಇಷ್ಟ. ಪಲ್ಲವಿ ಬಂದ ತಕ್ಷಣ ಅವು ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತವೆ, ಈಗ ಅಳಿ, ಈಗ ಅಳಿ ಅಂತ ಹೇಳಿಕೊಟ್ಟ ಹಾಗೆ. ಪಾಯಸಕ್ಕೆ ಬೆಲ್ಲ ಹಾಕಿ ಮೇಲೆ ಸಕ್ಕರೆನೂ ಹಾಕಿದ್ದಾರೆ. ಮಾತಿನ ಭಾಗದ ಹಿಂದೆ ಮಿಲ್ಲಿ ಕರ್ಕಮ್ ಅನ್ನುವವಳ ಎತ್ತರದ ದನಿ ಊಊ ಅನ್ನುತ್ತೆ. ಒಳ್ಳೇ ಹಾಡುಗಾರ್ತಿ, ಎಲ್ವಿಸ್ ಪ್ರೀಸ್ಲಿಯ ಹಿಂದೆ ಹಾಡಿದವಳು. ಮೊದಲ ಸಲ ಕೇಳಿದಾಗ ನನಗೆ ಹಳೇ ಸಿನಿಮಾದ ಬಿಳಿ ಸೀರೆ ದೆವ್ವ ನೆನಪಾಯಿತು. ಈಗ ಅಭ್ಯಾಸವಾಗಿದೆ. ಆದರೂ ಅದನ್ನ ತೆಗೆದುಹಾಕುವ ಗುಂಡಿ ಇದ್ದಿದ್ದರೆ ಒಂದು ಸಲ ಒತ್ತಿ ನೋಡುತ್ತಿದ್ದೆ.

ಇನ್ನೊಂದು ಎಚ್ಚರಿಕೆ. ಇದನ್ನ ಹಬ್ಬದ ದಿನ ಹಾಕಬೇಡಿ. ಯುಗಾದಿ ಊಟಕ್ಕೆ ಇಲ್ಲಿನ ನಾಲ್ಕು ಕನ್ನಡ ಮನೆಯವರು ಬಂದಿದ್ದರು. ಹೊಸ ಪ್ಲೇಯರ್ ತೋರಿಸುವ ಉತ್ಸಾಹದಲ್ಲಿ ನಾನು ಇದನ್ನ ಹಾಕಿದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಒಬ್ಬರ ಹತ್ತನೇ ಕ್ಲಾಸಿನ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಒಬ್ಬಟ್ಟು ತಿನ್ನುತ್ತಾ ಅರ್ಥ ಬಿಡಿಸಿ ಹೇಳಿಬಿಟ್ಟಳು. "ಅಯ್ಯೋ, ವರ್ಷದ ಮೊದಲ ದಿನವೇ ಹೆಣ ಎತ್ತುವ ಹಾಡೇನ್ರೀ" ಅಂದರು ಹಿರಿಯರೊಬ್ಬರು. ನಮ್ಮ ಮನೆಯವರು ಓಡಿಹೋಗಿ ಮುಳ್ಳು ಎತ್ತಿದರು. ಗೀರಿನ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೇ ಚರಣದಲ್ಲಿ ಈಗ ಟಕ್ ಅನ್ನುವುದು ಅದರದ್ದೇ ಗುರುತು. ಅದಕ್ಕೆ ಅಂಗಡಿಯವರು ಹೊಣೆಯಲ್ಲ.

ಜೋನ್ಸ್ 2013ರ ಏಪ್ರಿಲ್ 26ರಂದು ತೀರಿಕೊಂಡ, 81 ವರ್ಷ. ಮೇ 2ರಂದು ಆಪ್ರಿ ಹೌಸಿನಲ್ಲಿ ಅಂತ್ಯಕ್ರಿಯೆಯ ಸಭೆ. ಅದರ ವಿಡಿಯೋ ಇದೆ. ಕಂಟ್ರಿ ಹಾಡುಗಾರ ಅಲನ್ ಜಾಕ್ಸನ್ ಗಿಟಾರು ಹಿಡಿದು ಇದೇ ಹಾಡನ್ನ ಹಾಡುತ್ತಾನೆ. ಕೊನೆಗೆ ತಲೆ ಮೇಲಿನ ದೊಡ್ಡ ಟೋಪಿ ತೆಗೆಯುತ್ತಾನೆ. ಸಾವಿನ ಹಾಡು, ಅದನ್ನ ಹಾಡಿದವನ ಸಾವಿನ ಮುಂದೆ. ಒಗಟು ಹಾಕಿದವನೇ ಉತ್ತರವಾಗಿ ಮಲಗಿದ್ದ. ಆ ಸಲ ನನಗೆ ನಗು ಬರಲಿಲ್ಲ.

ಸಮಾಧಿ ನ್ಯಾಶ್‌ವಿಲ್ಲಿನ ವುಡ್‌ಲಾನ್ ಸ್ಮಶಾನದಲ್ಲಿದೆ. ಒಂದು ದಿನ ಪಾಳಿ ಮುಗಿಸಿ ಹೋಗಿದ್ದೆ. ಕಲ್ಲಿನ ದೊಡ್ಡ ಕಮಾನು, ಅದರ ಮೇಲೆ ಈ ಹಾಡಿನದೇ ಹೆಸರು. ಟ್ಯಾಮಿ ವೈನೆಟ್ ಇರುವುದೂ ಅದೇ ಸ್ಮಶಾನದಲ್ಲಿ, ಬೇರೆ ಕಟ್ಟಡದಲ್ಲಿ. ಮನೆಗೆ ಬಂದಮೇಲೆ ಅಮ್ಮ ಸ್ನಾನ ಮಾಡಿಸಿಯೇ ಅಡುಗೆಮನೆಗೆ ಬಿಟ್ಟರು.

ಕೊಳ್ಳುವವರಿಗೆ ಒಂದೆರಡು ಮಾತು. ಆ ಕಾಲದಲ್ಲಿ ಅಮೆರಿಕದ ಎಷ್ಟೋ 45ಗಳನ್ನ ಸ್ಟೈರೀನ್ ಅನ್ನುವ ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಿದ್ದರು. ಅದು ಬೇಗ ಸವೆಯುತ್ತೆ. ನೋಡಲು ಚೆನ್ನಾಗಿದ್ದರೂ ಹಾಕಿದರೆ ಒಗ್ಗರಣೆ ಸದ್ದು ಬರಬಹುದು. ಸಾಧ್ಯವಾದರೆ ಅಂಗಡಿಯಲ್ಲೇ ಹಾಕಿಸಿ ಕೇಳಿ. ನಡುವಿನ ದೊಡ್ಡ ತೂತಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಬೇಕು, ಹಳದಿ ಬಣ್ಣದ್ದು, ಜೇಡನ ಆಕಾರ. ಮರೀದೆ ಕೇಳಿ ತಗೊಳ್ಳಿ. ನಾನು ಮರೆತು, ಮೊದಲ ದಿನ ರಟ್ಟು ಕತ್ತರಿಸಿ ಸಿಕ್ಕಿಸಿದ್ದೆ. ಹಾಡು ಕುಡಿದವನ ಹಾಗೆ ತೂರಾಡಿತು.

ಹಿಂದಿನ ಬದಿಯನ್ನ ನಾನು ಮೊನ್ನೆಯ ತನಕ ಹಾಕಿಯೇ ಇರಲಿಲ್ಲ. ಅದರ ಹೆಸರಿನ ಅರ್ಥ, ಇಂಥದ್ದರ ಬೆನ್ನಿಗೆ ಬರುವುದು ಕಷ್ಟ ಅಂತ. ಈ ಹಾಡಿನ ಬೆನ್ನಿಗೆ ಅಂಟಿಕೊಂಡಿರುವುದಕ್ಕೆ ಅದಕ್ಕಿಂತ ಸರಿಯಾದ ಹೆಸರು ಬೇಕಾ? ಜ್ಯೂಕ್‌ಬಾಕ್ಸಿನಲ್ಲಿ ಅದಕ್ಕೂ ಒಂದು ಗುಂಡಿ ಇದ್ದಿರಬೇಕು. ಯಾರೂ ಒತ್ತಿದ ಹಾಗೆ ಕಾಣುವುದಿಲ್ಲ. ಹಾಕಿದೆ. ಸಾಧಾರಣ ಹಾಡು. ಆದರೆ ಒಂದು ಚೂರೂ ಕರಕರ ಇಲ್ಲ. ಸಾಲಿಗೆ ಮುಂಚೆ ಜೋನ್ಸ್ ಉಸಿರು ಎಳೆದುಕೊಳ್ಳುವುದು ಕೂಡ ಕೇಳುತ್ತೆ. ಮುಂದಿನ ಬದಿಯಲ್ಲಿ ಆ ಉಸಿರನ್ನೆಲ್ಲ ಕೆ-4 ಒತ್ತಿದವರು ಸವೆಸಿಬಿಟ್ಟಿದ್ದಾರೆ.

ರೆಕಾರ್ಡಿಗೆ ಐದಕ್ಕೆ ಮೂರು, ಹಾಡಿಗೆ ಐದಕ್ಕೆ ನಾಲ್ಕೂವರೆ. ಉಳಿದ ಅರ್ಧ ಪಿಟೀಲಿಗೆ ಕಳೆದದ್ದು. ಎರಡೂ ಬದಿ ಹೊಳೆಯುವ ಪ್ರತಿ ಎಲ್ಲಾದರೂ ಕಣ್ಣಿಗೆ ಬಿದ್ದರೆ ಹೇಳಿ, 15 ಡಾಲರ್ ತನಕ ಕೊಡುತ್ತೇನೆ. ಸೊಟ್ಟಗಿರುವುದು ಬೇಡ, ಹೂಕುಂಡಕ್ಕೆ ಒಂದು ಸಾಕು.